ಎಸ್ಸೆಸ್ಸೆಲ್ಸಿ ಆಯಿತು, ಮುಂದೆ ಯಾವ ಗಣಿತ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ. "ಸರ್, ಮಗಳಿಗೆ ಮ್ಯಾಥ್ಸಲ್ಲಿ 91 ಬಂದಿದೆ. ಪಿಸಿಎಂಬಿ ಕೊಡಿಸೋದಾ?" ಇಲ್ಲವೇ, "ಮಗನಿಗೆ 58 ಅಷ್ಟೇ ಸರ್. ಮ್ಯಾಥ್ಸ್ ಬಿಡಿಸೋದೇ ಒಳ್ಳೇದಲ್ವಾ?" ಪಿಸಿಎಂಬಿ ಅಂದರೆ ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ ಬಹಳ ವರ್ಷಗಳಾದವು. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಅಂಕಪಟ್ಟಿ ಪಕ್ಕಕ್ಕಿಡಿ. ಮಗುವಿನ ಕೈಗೆ ಒಂದು ಬಿಳಿ ಹಾಳೆ ಕೊಡಿ.

ಹತ್ತನೇ ತರಗತಿಯ ಅಂಕ ಸುಳ್ಳು ಅಂತಲ್ಲ. 100ರಲ್ಲಿ 20 ಆಂತರಿಕ ಅಂಕ, 80 ಬರೆಯುವ ಪರೀಕ್ಷೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹತ್ತು ಸಲ ಬಿಡಿಸಿದ ಮಗುವಿಗೆ ಯಾವ ಪಾಠದಿಂದ ಏನು ಬರುತ್ತದೆ ಅಂತ ಗೊತ್ತಿರುತ್ತದೆ. ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದವರಿಗೂ, ಅರ್ಥ ಮಾಡಿಕೊಂಡು ಬರೆದವರಿಗೂ ಅಷ್ಟೇ ಅಂಕ. ಪಿಯುಗೆ ಬೇಕಾದದ್ದು ಬೇರೆ. ಬೀಜಗಣಿತ ಕೈಯಲ್ಲಿ ಆಡಬೇಕು. ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಮೊದಲು ಈ ನಾಲ್ಕು ಲೆಕ್ಕ

ಪುಸ್ತಕ ಮುಚ್ಚಿಸಿ, ಹತ್ತು ನಿಮಿಷ ಕೊಡಿ.

ಒಂದು: (ಎ + ಬಿ)² ಬಿಡಿಸು.
ಎರಡು: 3/ಎಕ್ಸ್ ಮತ್ತು 2/(ಎಕ್ಸ್ + 1), ಇವೆರಡನ್ನು ಕೂಡಿಸು.
ಮೂರು: ಎಕ್ಸ್² − 7ಎಕ್ಸ್ + 12 = 0. ಎಕ್ಸ್ ಎಷ್ಟು?
ನಾಲ್ಕು: ಲಂಬಕೋನ ತ್ರಿಭುಜದ ಒಂದು ಕೋನದ ಸೈನ್ 3/5 ಆದರೆ, ಅದೇ ಕೋನದ ಟ್ಯಾನ್ ಎಷ್ಟು?

ನಾಲ್ಕೂ ಹತ್ತನೇ ತರಗತಿಯೊಳಗಿನವೇ. ಆದರೂ 90ರ ಮೇಲೆ ತಗೊಂಡ ಒಬ್ಬ ಹುಡುಗ ಮೊದಲನೆಯದಕ್ಕೆ ಎ² + ಬಿ² ಅಂತ ಬರೆದಿದ್ದ. ತಪ್ಪು ಅಂತ ನಾನು ಹೇಳಲಿಲ್ಲ. "ಎ ಜಾಗಕ್ಕೆ 3, ಬಿ ಜಾಗಕ್ಕೆ 4 ಹಾಕು" ಅಂದೆ. 3 ಕೂಡಿಸು 4, 7. 7ರ ವರ್ಗ 49. ಅವನು ಬರೆದ ಪ್ರಕಾರ 9 ಕೂಡಿಸು 16, 25. ಪೆನ್ನು ನಿಂತಿತು. ಹಾಳೆಯ ಮೇಲೆ 7 ಮನೆ ಉದ್ದ, 7 ಮನೆ ಅಗಲದ ಚೌಕ ಬರೆಸಿದೆ. ಎರಡೂ ಕಡೆ 3 ಮತ್ತು 4 ಆಗಿ ಗೆರೆ ಎಳೆಯಲು ಹೇಳಿದೆ. ಮೂಲೆಯಲ್ಲಿ 9ರ ಚೌಕ, ಎದುರು ಮೂಲೆಯಲ್ಲಿ 16ರ ಚೌಕ. ಉಳಿದದ್ದು ಎರಡು ಆಯತ, ಒಂದೊಂದರಲ್ಲಿ 12 ಮನೆ. "ಸರ್, 24 ಇಲ್ಲಿದೆ!" ಅಂದ. ಎಂಟನೇ ತರಗತಿಯಿಂದ ಬರೆಯುತ್ತಿದ್ದ 2ಎಬಿ ಏನು ಅಂತ ಅವನಿಗೆ ಅವತ್ತು ಕಂಡಿತು.

ಎರಡನೆಯದರಲ್ಲಿ ಮಕ್ಕಳು ಜಾಸ್ತಿ ಎಡವುತ್ತಾರೆ. ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಕೂಡಿಸಿ 5/(2ಎಕ್ಸ್ + 1) ಅಂತ ಬರೆದುಬಿಡುತ್ತಾರೆ. ಸರಿಯಾದ ಉತ್ತರ (5ಎಕ್ಸ್ + 3)/(ಎಕ್ಸ್(ಎಕ್ಸ್ + 1)). ಮೂರನೆಯದಕ್ಕೆ 3 ಮತ್ತು 4, ನಾಲ್ಕನೆಯದಕ್ಕೆ 3/4.

ನಾಲ್ಕೂ ಸರಿ ಬಂದರೆ ಅಂಕ 65 ಇದ್ದರೂ ಸೈನ್ಸ್ ಗಣಿತಕ್ಕೆ ಹೆದರಬೇಡಿ. ಎರಡೋ ಮೂರೋ ಬಂದರೆ ರಜೆಯಲ್ಲಿ ಕೆಲಸ ಇದೆ, ಅಷ್ಟೇ. ಒಂದೂ ಬರಲಿಲ್ಲ, ಕೂತು ನೋಡುವ ಮನಸ್ಸೂ ಮಗುವಿಗಿಲ್ಲ ಅನ್ನಿ. ಆಗ ಪಕ್ಕದ ಮನೆಯವರ ಮಗ ತಗೊಂಡ ಅಂತ ಪಿಸಿಎಂ ಕೊಡಿಸಿದರೆ ಆ ಎರಡು ವರ್ಷ ಮಗುವಿಗೆ ತುಂಬಾ ಕಷ್ಟವಾಗುತ್ತದೆ.

ಸಿಬಿಎಸ್‌ಇ ಮಕ್ಕಳಿಗೆ ಪ್ರಶ್ನೆ ಮೊದಲೇ ಬರುತ್ತದೆ

ರಾಜ್ಯ ಪಠ್ಯಕ್ರಮದಲ್ಲಿ ಹತ್ತನೇ ತರಗತಿಯ ಗಣಿತ ಎಲ್ಲರಿಗೂ ಒಂದೇ. ಸಿಬಿಎಸ್‌ಇಯಲ್ಲಿ ಹಾಗಲ್ಲ. 2020ರ ಬೋರ್ಡ್ ಪರೀಕ್ಷೆಯಿಂದ ಎರಡು ಹಂತ ಬಂದಿವೆ: ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಪಠ್ಯಪುಸ್ತಕ ಒಂದೇ, ತರಗತಿಯ ಪಾಠವೂ ಒಂದೇ. ಬೇರೆಯಾಗುವುದು ಪ್ರಶ್ನೆಪತ್ರಿಕೆ ಮಾತ್ರ. ಬೇಸಿಕ್ ಪತ್ರಿಕೆಯಲ್ಲಿ ನೇರ ಪ್ರಶ್ನೆಗಳು ಜಾಸ್ತಿ.

ಇಲ್ಲಿ ತಂದೆತಾಯಂದಿರು ಮಾಡುವ ಲೆಕ್ಕ ಹೀಗಿರುತ್ತದೆ: ಬೇಸಿಕ್ ತಗೊಂಡರೆ ಅಂಕ ಜಾಸ್ತಿ, ಶೇಕಡಾವಾರು ಏರುತ್ತದೆ. ಮುಂದೆ ಗಣಿತ ಬೇಡವೇ ಬೇಡ ಅಂತ ಖಚಿತವಾಗಿದ್ದರೆ ಇದು ಸರಿಯಾದ ಲೆಕ್ಕ. ಅನುಮಾನ ಇದ್ದರೆ ಸ್ಟ್ಯಾಂಡರ್ಡ್ ಬರೆಸಿ. ಬೇಸಿಕ್ ಬಂದಾಗ ಇದ್ದ ನಿಯಮ ಏನೆಂದರೆ, ಬೇಸಿಕ್ ಪಾಸಾದ ಮಗು ಹನ್ನೊಂದರಲ್ಲಿ ಗಣಿತ ಬೇಕೆಂದರೆ ಸ್ಟ್ಯಾಂಡರ್ಡ್ ಪರೀಕ್ಷೆ ಬರೆಯಬೇಕು. ಆಮೇಲೆ ಬೋರ್ಡ್ ಇದನ್ನು ಸಡಿಲಿಸಿ, ಮಗುವಿಗೆ ಶಕ್ತಿ ಇದೆ ಅಂತ ಶಾಲೆಗೆ ಅನ್ನಿಸಿದರೆ ಕೊಡಬಹುದು ಅಂದಿತು. ನಿಮ್ಮ ಮಗುವಿನ ವರ್ಷಕ್ಕೆ ಯಾವುದು ಜಾರಿಯಲ್ಲಿದೆ ಅಂತ ಒಂಬತ್ತರಲ್ಲೇ ಶಾಲೆಯಲ್ಲಿ ಕೇಳಿ. ಹತ್ತು ಮುಗಿಸಿ ಪಿಯು ಕಾಲೇಜಿಗೆ ಬರುವ ಯೋಚನೆ ಇದ್ದರೆ ಆ ಕಾಲೇಜಿನಲ್ಲೂ ಕೇಳಿ.

ಹನ್ನೊಂದಕ್ಕೆ ಬಂದರೆ ಮತ್ತೆ ಎರಡು ದಾರಿ. ಮ್ಯಾಥಮ್ಯಾಟಿಕ್ಸ್, ವಿಷಯ ಸಂಖ್ಯೆ 041. ಅಪ್ಲೈಡ್ ಮ್ಯಾಥಮ್ಯಾಟಿಕ್ಸ್, 241. ಎರಡನ್ನೂ ಒಟ್ಟಿಗೆ ತಗೊಳ್ಳಲು ಬರುವುದಿಲ್ಲ. ಅಪ್ಲೈಡ್‌ನಲ್ಲಿ ಇಎಂಐ ಲೆಕ್ಕ, ಸೂಚ್ಯಂಕ, ಸಂಖ್ಯಾಶಾಸ್ತ್ರ ಇವೆಲ್ಲ ಇರುತ್ತವೆ. ಕಾಮರ್ಸ್, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್ ಕಡೆ ಹೋಗುವವರಿಗೆ ಚೆನ್ನಾಗಿ ಹೊಂದುತ್ತದೆ. ಇಂಜಿನಿಯರಿಂಗ್ ಆಸೆ ಸ್ವಲ್ಪವಾದರೂ ಇದ್ದರೆ 041 ಬಿಟ್ಟು ಬೇರೆ ನೋಡಬೇಡಿ.

ಐಸಿಎಸ್‌ಇಯಿಂದ ಐಎಸ್‌ಸಿಗೆ (ಅಂದರೆ ಅದೇ ಮಂಡಳಿಯ ಹನ್ನೊಂದು, ಹನ್ನೆರಡಕ್ಕೆ) ಹೋಗುವವರಿಗೆ ಆಯ್ಕೆ ವಿಷಯದ ಒಳಗೇ ಇದೆ. 80 ಅಂಕದ ಪತ್ರಿಕೆಯಲ್ಲಿ 65 ಎಲ್ಲರಿಗೂ ಒಂದೇ. ಉಳಿದ 15ಕ್ಕೆ ವೆಕ್ಟರ್, ಮೂರು ಆಯಾಮದ ರೇಖಾಗಣಿತ ಇರುವ ಭಾಗವನ್ನೋ, ವಾಣಿಜ್ಯದ ಲೆಕ್ಕಗಳಿರುವ ಭಾಗವನ್ನೋ ಆರಿಸಿಕೊಳ್ಳಬಹುದು. ಇಂಜಿನಿಯರಿಂಗಿಗೆ ಮೊದಲನೆಯದು.

ಪಿಯು ಸೈನ್ಸಿನ ಗಣಿತ ಎಲ್ಲಿ ಕಷ್ಟ

ಮಕ್ಕಳು ಹೆದರುವುದು ಸೆಕೆಂಡ್ ಪಿಯುಗೆ. ಬೀಳುವುದು ಫಸ್ಟ್ ಪಿಯುನ ಮೊದಲ ಮೂರು ತಿಂಗಳಲ್ಲಿ.

ಒಂದು ಉದಾಹರಣೆ. ಹತ್ತರಲ್ಲಿ ತ್ರಿಕೋನಮಿತಿ ಅಂದರೆ ಗೋಡೆಗೆ ಒರಗಿಸಿದ ಏಣಿ, ಗೋಪುರದ ನೆರಳು. ಕೋನ 90 ಡಿಗ್ರಿ ದಾಟುವುದಿಲ್ಲ. ಫಸ್ಟ್ ಪಿಯುಗೆ ಬಂದ ಕೆಲವೇ ವಾರಗಳಲ್ಲಿ ಬೋರ್ಡಿನ ಮೇಲೆ ಸೈನ್ 780 ಡಿಗ್ರಿ ಅಂತ ಬರುತ್ತದೆ. ತ್ರಿಭುಜದಲ್ಲಿ ಅಂಥ ಕೋನವೇ ಇಲ್ಲವಲ್ಲ! ಇಲ್ಲಿ ತ್ರಿಭುಜ ಬಿಟ್ಟು ವೃತ್ತಕ್ಕೆ ಬರಬೇಕು. ಒಂದು ಸುತ್ತು 360, ಎರಡು ಸುತ್ತು 720, ಉಳಿದದ್ದು 60. ಹಾಗಾಗಿ ಸೈನ್ 60 ಎಷ್ಟೋ ಇದೂ ಅಷ್ಟೇ. ಗಡಿಯಾರದ ಮುಳ್ಳು ನೆನೆಸಿಕೊಂಡರೆ ಎರಡು ನಿಮಿಷದ ಮಾತು. ಯಾರೂ ಹಾಗೆ ಹೇಳದಿದ್ದರೆ, ಅಥವಾ ಮಗು ಅವತ್ತು ಗೈರಾಗಿದ್ದರೆ, ಮುಂದಿನ ಇಡೀ ಪಾಠ ಸೂತ್ರಗಳ ಮೂಟೆಯಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೊರೆ. ಸೈನ್ಸ್ ಪಾಠ ಹೆಚ್ಚಿನ ಕಡೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ವರ್ಗ ಸಮೀಕರಣ ಚೆನ್ನಾಗಿ ಬಿಡಿಸುವ ಮಗು 'ಕ್ವಾಡ್ರಾಟಿಕ್ ಈಕ್ವೇಷನ್' ಅಂದಾಗ ಸುಮ್ನೆ ಕೂತಿರುತ್ತದೆ. ಗೊತ್ತಿಲ್ಲ ಅಂತಲ್ಲ. ಹೆಸರು ಗೊತ್ತಿಲ್ಲ. ಹಳ್ಳಿ ಶಾಲೆಯಿಂದ ಬಂದ ಒಬ್ಬ ಹುಡುಗಿ ಒಮ್ಮೆ ಕೇಳಿದ್ದು ನನಗೆ ಇನ್ನೂ ನೆನಪಿದೆ. "ಸರ್, ಟ್ಯಾಂಜೆಂಟ್ ಅಂದ್ರೆ ಕೋನದ್ದಾ, ವೃತ್ತದ್ದಾ?" ಅವಳ ಪ್ರಶ್ನೆ ಪೂರ್ತಿ ಸರಿ. ಕನ್ನಡದಲ್ಲಿ ಅವಳಿಗೆ ಸ್ಪರ್ಶಕ ಬೇರೆ, ಟ್ಯಾನ್ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಅದನ್ನು ಗಮನಿಸಿಯೇ ಇರಲಿಲ್ಲ. ಆ ಹುಡುಗಿಗೆ ಗಣಿತ ಬರುವುದಿಲ್ಲ ಅಂತ ಯಾರಾದರೂ ಹೇಳಿದ್ದರೆ ಎಷ್ಟು ದೊಡ್ಡ ತಪ್ಪಾಗುತ್ತಿತ್ತು!

ಇಂಥ ಮಕ್ಕಳಿಗೆ ನನ್ನ ಸಲಹೆ ಇದು. ಸಣ್ಣ ನೋಟ್‌ಬುಕ್ಕಿನಲ್ಲಿ ಮಧ್ಯೆ ಗೆರೆ ಎಳೆದು, ಎಡಕ್ಕೆ ಕನ್ನಡದ ಪದ, ಬಲಕ್ಕೆ ಕಾಲೇಜಿನಲ್ಲಿ ಕೇಳುವ ಪದ ಬರೆದಿಟ್ಟುಕೊಳ್ಳಿ. ಅಂಶ, ನ್ಯೂಮರೇಟರ್. ಛೇದ, ಡಿನಾಮಿನೇಟರ್. ಅಪವರ್ತನ, ಫ್ಯಾಕ್ಟರ್. ಸಮಾಂತರ ಶ್ರೇಢಿ, ಅರಿಥ್ಮೆಟಿಕ್ ಪ್ರೋಗ್ರೆಷನ್. ನೂರು ಪದ ಬರೆದರೆ ಮೊದಲ ತಿಂಗಳ ಮುಜುಗರ ಅರ್ಧ ಕಡಿಮೆಯಾಗುತ್ತದೆ. ಭಾಷೆ ಕಾರಣಕ್ಕೆ ಗಣಿತ ಬಿಡಿಸಬೇಡಿ.

ಸೆಕೆಂಡ್ ಪಿಯುನಲ್ಲಿ 13 ಪಾಠ. ಅದರಲ್ಲಿ 5 ಕ್ಯಾಲ್ಕುಲಸ್‌ಗೆ ಸೇರಿದ್ದು. ಡಿಫರೆನ್ಶಿಯೇಷನ್, ಇಂಟಿಗ್ರೇಷನ್ ಕಲಿತ ಮೇಲೆ ಲೆಕ್ಕ ಎಲ್ಲಿ ನಿಲ್ಲುತ್ತದೆ ಗೊತ್ತಾ? ಛೇದ ಸರಿಮಾಡುವಲ್ಲಿ, ವರ್ಗ ಬಿಡಿಸುವಲ್ಲಿ, ಫಸ್ಟ್ ಪಿಯುನ ತ್ರಿಕೋನಮಿತಿ ಸೂತ್ರ ನೆನಪಾಗದಲ್ಲಿ. ಮೇಲಿನ ನಾಲ್ಕು ಲೆಕ್ಕ ಕೊಟ್ಟಿದ್ದು ಅದಕ್ಕೇ.

ಪರೀಕ್ಷೆಯ ಲೆಕ್ಕವೂ ತಿಳಿದಿರಲಿ. ಈಗ ಸೆಕೆಂಡ್ ಪಿಯು ಗಣಿತಕ್ಕೆ 80 ಅಂಕದ ಪತ್ರಿಕೆ, 20 ಆಂತರಿಕ. ಇಲ್ಲಿ ಒಂದೊಂದು ಹಂತಕ್ಕೂ ಅಂಕ. ಇಂಜಿನಿಯರಿಂಗ್ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಹಂತ ಯಾರೂ ನೋಡುವುದಿಲ್ಲ. ತಪ್ಪಾದರೆ ಅಂಕ ಕಳೆಯುವುದೂ ಇಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಫಸ್ಟ್ ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ ಅಂತ ಆ ವರ್ಷವನ್ನು ಹಗುರ ಮಾಡುವ ಮಕ್ಕಳು ತುಂಬಾ ಜನ. ಸಿಇಟಿಯಲ್ಲಿ ಎರಡೂ ವರ್ಷದ ಪ್ರಶ್ನೆ ಬರುತ್ತವೆ.

ಪಿಸಿಎಂಬಿ, ಪಿಸಿಎಂಸಿ, ಇಲ್ಲಾ ಗಣಿತವಿಲ್ಲದ ಸೈನ್ಸ್

ಪಿಸಿಎಂಬಿ ಕೊಡಿಸುವವರು ಹೇಳುವ ಕಾರಣ, ಎರಡೂ ಬಾಗಿಲು ತೆರೆದಿರಲಿ ಅಂತ. ಕಾರಣ ನಿಜವೇ. ಗಣಿತ ಇದ್ದರೆ ಇಂಜಿನಿಯರಿಂಗ್, ಜೀವಶಾಸ್ತ್ರ ಇದ್ದರೆ ಡಾಕ್ಟರ್ ಸೀಟಿನ ಪ್ರವೇಶ ಪರೀಕ್ಷೆ ನೀಟ್. ಆದರೆ ನೀಟ್‌ಗೂ ಐಐಟಿಯಂಥ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಜೆಇಇಗೂ ಒಟ್ಟಿಗೆ ತಯಾರಾಗುವುದು ಬಹಳ ಭಾರ. ಮಗುವಿಗೆ ನಿಜವಾಗಿ ಎರಡರಲ್ಲೂ ಆಸಕ್ತಿ ಇದ್ದು, ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಪಿಸಿಎಂಬಿ ಸರಿ. ತೀರ್ಮಾನ ಆಗದಿರುವುದು ಅಪ್ಪ ಅಮ್ಮನಿಗೆ ಮಾತ್ರ ಆದರೆ, ಮಗುವನ್ನು ಕೂರಿಸಿಕೊಂಡು ಮಾತಾಡಿ.

ಜೀವಶಾಸ್ತ್ರದ ಜಾಗಕ್ಕೆ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮಾಡಲು ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕು ಅಂತ. ಬೇಕಿಲ್ಲ. ಬೇಕಾದದ್ದು ಗಣಿತ ಮತ್ತು ಭೌತಶಾಸ್ತ್ರ. ಪಿಸಿಎಂಬಿ ಮಕ್ಕಳೂ ಆ ಸೀಟು ತಗೊಳ್ಳುತ್ತಾರೆ. ಆದರೂ ಇಂಜಿನಿಯರಿಂಗ್ ಅಂತ ಗಟ್ಟಿಯಾಗಿದ್ದರೆ ನಾನು ಪಿಸಿಎಂಸಿ, ಇಲ್ಲವೇ ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಕಡೆಗೇ ಒಲವು ತೋರಿಸುತ್ತೇನೆ. ಗಣಿತಕ್ಕೆ ಕೊಡಲು ಸಮಯ ಸಿಗುತ್ತದೆ. ಸಂಖ್ಯಾಶಾಸ್ತ್ರ ಇರುವ ಪಿಸಿಎಂಎಸ್ ಸಿಕ್ಕರೆ ಅದನ್ನೂ ನೋಡಿ. ಸಂಭವನೀಯತೆ ಗಟ್ಟಿಯಾಗುತ್ತದೆ.

ಗಣಿತ ಬಿಟ್ಟು, ಭೌತ, ರಸಾಯನ, ಜೀವಶಾಸ್ತ್ರದ ಜೊತೆ ಹೋಮ್ ಸೈನ್ಸ್‌ನಂಥ ವಿಷಯ ಕೊಡುವ ಕಾಲೇಜುಗಳೂ ಕೆಲವಿವೆ. ಡಾಕ್ಟರ್, ನರ್ಸಿಂಗ್, ಫಾರ್ಮಸಿ ಅಂತ ನಿಶ್ಚಯವಾಗಿದ್ದರೆ ಇದು ಒಳ್ಳೆಯ ಆಯ್ಕೆ. ಒಂದು ಎಚ್ಚರಿಕೆ ಮಾತ್ರ. ನೀಟ್‌ನ 180 ಪ್ರಶ್ನೆಗಳಲ್ಲಿ 45 ಭೌತಶಾಸ್ತ್ರದ್ದು. ಅಲ್ಲಿ ವೆಕ್ಟರ್, ಗ್ರಾಫ್, ಸ್ವಲ್ಪ ಡಿಫರೆನ್ಶಿಯೇಷನ್ ಬೇಕೇ ಬೇಕು. ಗಣಿತ ಬಿಟ್ಟ ಮಗುವಿಗೆ ಅಷ್ಟನ್ನು ಯಾರಾದರೂ ಕೂತು ಹೇಳಿಕೊಡಬೇಕು.

ಗಣಿತ ಇಲ್ಲದೆ ಪಿಯು ಮುಗಿಸಿದರೆ ಯಾವುದೆಲ್ಲ ತಪ್ಪುತ್ತದೆ ಅಂತ ಸಹಿ ಹಾಕುವ ಮೊದಲು ನೋಡಿಕೊಳ್ಳಿ. ಇಂಜಿನಿಯರಿಂಗ್ ಎಲ್ಲರಿಗೂ ಗೊತ್ತು. ಆರ್ಕಿಟೆಕ್ಚರ್ ಕೂಡ ಇದೆ ಅಂತ ಹಲವರಿಗೆ ಗೊತ್ತಿಲ್ಲ. ಸೇನಾ ಅಧಿಕಾರಿಗಳಾಗಲು ತರಬೇತಿ ಕೊಡುವ ಎನ್‌ಡಿಎಯಲ್ಲಿ ಭೂಸೇನೆಗೆ ಯಾವ ವಿಭಾಗದ ಪಿಯು ಆದರೂ ನಡೆಯುತ್ತದೆ. ವಾಯುಸೇನೆ, ನೌಕಾಸೇನೆಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಕು. ಭೂಸೇನೆಯೇ ಆದರೂ ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತದ್ದು. ಪೈಲಟ್ ಲೈಸೆನ್ಸಿಗೂ ಗಣಿತ, ಭೌತಶಾಸ್ತ್ರ ಕೇಳುತ್ತಾರೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೂ ಗಣಿತ ಬೇಕು. ಗಣಿತವನ್ನೇ ಪ್ರೀತಿಸುವ ಮಗುವಿಗೆ ನಮ್ಮ ಬೆಂಗಳೂರಿನಲ್ಲೇ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಅನ್ನುವ ಗಣಿತದ ಪದವಿ ಕೋರ್ಸ್ ಇದೆ. ಎಷ್ಟು ಮನೆಗಳಲ್ಲಿ ಈ ಹೆಸರು ಕೇಳಿರುತ್ತಾರೆ?

ಕಾಮರ್ಸ್‌ನ ಬೇಸಿಕ್ ಮ್ಯಾಥ್ಸ್

ನನ್ನ ಮಟ್ಟಿಗೆ, ಕರ್ನಾಟಕದ ಪಿಯುನಲ್ಲಿ ಸಿಗಬೇಕಾದ ಗೌರವ ಸಿಗದ ವಿಷಯ ಇದು. 'ಬೇಸಿಕ್' ಅನ್ನುವ ಹೆಸರು ನೋಡಿ ಸೈನ್ಸ್ ಸಿಗದವರ ಗಣಿತ ಅಂದುಕೊಳ್ಳುತ್ತಾರೆ. ಸಿಬಿಎಸ್‌ಇ ಹತ್ತರ ಬೇಸಿಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದು ಪೂರ್ತಿ ಬೇರೆ ವಿಷಯ. ಬಡ್ಡಿ, ಚಕ್ರಬಡ್ಡಿ, ಕಂತು, ಬಿಲ್ ಡಿಸ್ಕೌಂಟಿಂಗ್, ಷೇರು ಇವೆಲ್ಲ ಇವೆ. ಮ್ಯಾಟ್ರಿಕ್ಸ್, ಡಿಫರೆನ್ಶಿಯೇಷನ್, ಇಂಟಿಗ್ರೇಷನ್ ಕೂಡ ಇವೆ, ಆಳ ಮಾತ್ರ ಕಡಿಮೆ.

ಅದರಲ್ಲಿ ಲರ್ನಿಂಗ್ ಕರ್ವ್ ಅಂತ ಒಂದು ಪಾಠ. ಒಬ್ಬ ಟೈಲರ್ ಹೊಸ ಮಾದರಿಯ ಮೊದಲ ಕೋಟು ಹೊಲಿಯಲು 10 ಗಂಟೆ ತಗೊಂಡ ಅನ್ನಿ. ಕೈ ಪಳಗಿದ ಹಾಗೆ ಸಮಯ ಇಳಿಯುತ್ತದೆ. ಶೇಕಡಾ 80ರ ಲರ್ನಿಂಗ್ ಕರ್ವ್ ಅಂದರೆ, ಸಂಖ್ಯೆ ಎರಡರಷ್ಟಾದಾಗಲೆಲ್ಲ ಸರಾಸರಿ ಸಮಯ ಹಿಂದಿನದರ ಶೇಕಡಾ 80. ಎರಡು ಕೋಟುಗಳಿಗೆ ಸರಾಸರಿ 8 ಗಂಟೆ. ನಾಲ್ಕಕ್ಕೆ 6.4 ಗಂಟೆ, ಒಟ್ಟು 25.6. ಹಾಗಾದರೆ ನಾಲ್ಕು ಕೋಟುಗಳ ಆರ್ಡರ್‌ಗೆ ಕೂಲಿ ಎಷ್ಟು ಕೇಳಬೇಕು? ಒಬ್ಬ ವಿದ್ಯಾರ್ಥಿ, ಅವನ ಅಪ್ಪನದು ಟೈಲರ್ ಅಂಗಡಿ, ಈ ಪಾಠ ಮುಗಿದ ಸಂಜೆ ಅಪ್ಪನ ಪಕ್ಕ ಕೂತು ಗಡಿಯಾರ ನೋಡಿ ಬರೆದುಕೊಂಡು ಬಂದಿದ್ದ. ಗಣಿತ ಹೀಗೆ ಮನೆಗೆ ಹೋಗುವುದನ್ನು ನೋಡುವುದೇ ಒಂದು ಸಂತೋಷ.

ಕಾಮರ್ಸ್‌ನಲ್ಲಿ ಎಲ್ಲರಿಗೂ ಬೇಸಿಕ್ ಮ್ಯಾಥ್ಸ್ ಬರುವುದಿಲ್ಲ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ನಾಲ್ಕನೆಯದಾಗಿ ಕಂಪ್ಯೂಟರ್ ಬಂದರೆ ಸಿಇಬಿಎ, ಸಂಖ್ಯಾಶಾಸ್ತ್ರ ಬಂದರೆ ಎಸ್‌ಇಬಿಎ, ಇತಿಹಾಸ ಬಂದರೆ ಎಚ್‌ಇಬಿಎ. ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಹುಡುಕಿ ಸೇರಿಸಿ. ಸಿಎ ಮಾಡಲು ಪಿಯುನಲ್ಲಿ ಗಣಿತ ಕಡ್ಡಾಯವಲ್ಲ, ನಿಜ. ಆದರೆ ಸಿಎ ಓದಿನ ಮೊದಲ ಹಂತವಾದ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಬಿಸಿನೆಸ್ ಮ್ಯಾಥ್ಸ್, ತರ್ಕ ಮತ್ತು ಸಂಖ್ಯಾಶಾಸ್ತ್ರದ್ದು. 100 ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಚ್‌ಇಬಿಎ ಮಗು ಅಲ್ಲಿ ಹೊಸದಾಗಿ ಶುರುಮಾಡಬೇಕು. ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಓದಿದ ಮಗುವಿಗೆ ಅರ್ಧ ದಾರಿ ಆಗಿರುತ್ತದೆ. ಬಿಸಿಎ ನಿಯಮ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ, ಆದ್ದರಿಂದ ಮೊದಲೇ ವಿಚಾರಿಸಿ.

ಡಿಪ್ಲೊಮಾ ದಾರಿ

ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್, 3 ವರ್ಷ. ಗಣಿತ ಇದೆ, ಆದರೆ ಪಿಯುನಷ್ಟಿಲ್ಲ. ಕೈಕೆಲಸದಲ್ಲಿ ಮನಸ್ಸಿರುವ, ಬೇಗ ಕೆಲಸ ಬೇಕಾದ ಮಕ್ಕಳಿಗೆ ಒಳ್ಳೆಯದು. ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಗಣಿತ ತಪ್ಪಿಸಿಕೊಳ್ಳಲು ಈ ದಾರಿ ಅಂತ ಮಾತ್ರ ಅಂದುಕೊಳ್ಳಬೇಡಿ. ಉಳಿದವರು ಪಿಯುನಲ್ಲೂ ಬಿಇ ಮೊದಲ ವರ್ಷದಲ್ಲೂ ಓದಿದ ಗಣಿತವನ್ನು ಇವರು ಆಮೇಲೆ ತುಂಬಿಕೊಳ್ಳಬೇಕು. ಅದಕ್ಕೇ ಅಂತ ಬೇರೆ ಗಣಿತ ಪತ್ರಿಕೆಗಳೂ ಇರುತ್ತವೆ.

ಬಿಟ್ಟವರು ಮತ್ತೆ ಬರಬಹುದೇ?

ಬರಬಹುದು, ಆದರೆ ಸುತ್ತುದಾರಿ. ಕೇಂದ್ರ ಸರ್ಕಾರದ ಮುಕ್ತ ಶಾಲೆಯಾದ ಎನ್‌ಐಒಎಸ್ ಮೂಲಕ ಹನ್ನೆರಡನೇ ತರಗತಿಯ ಗಣಿತವೊಂದನ್ನೇ ಆಮೇಲೆ ಬರೆಯಬಹುದು. ಕಾಮರ್ಸ್ ಓದಿ ಪೈಲಟ್ ಆಗಬೇಕು ಅಂದುಕೊಂಡವರು ಭೌತಶಾಸ್ತ್ರ, ಗಣಿತ ಎರಡನ್ನೂ ಹೀಗೇ ಮುಗಿಸುತ್ತಾರೆ. ಆದರೆ ತರಗತಿ ಇಲ್ಲದೆ, ಕೇಳಲು ಮೇಷ್ಟ್ರಿಲ್ಲದೆ ಓದಬೇಕು. ಗಣಿತ ತಗೊಂಡು ಆಮೇಲೆ ಬೇರೆ ಕಡೆ ಹೋಗುವುದು ಸುಲಭ, ಬಿಟ್ಟು ಮತ್ತೆ ಹಿಡಿಯುವುದು ಕಷ್ಟ. ಅದಕ್ಕೇ, ಆ ಹಾಳೆಯಲ್ಲಿ ಎರಡು ಲೆಕ್ಕವಾದರೂ ಸರಿ ಬಂದ ಮಗುವಿಗೆ ಯಾವುದಾದರೂ ಒಂದು ರೂಪದಲ್ಲಿ ಗಣಿತ ಉಳಿಸಿ ಅಂತ ನಾನು ಒತ್ತಾಯ ಮಾಡುವುದು. ಸೈನ್ಸ್ ಗಣಿತವೇ ಆಗಬೇಕೆಂದಿಲ್ಲ.

ಸೇರುವ ಮೊದಲು, ಸೇರಿದ ಮೇಲೆ

ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ತನಕ ಎರಡು ತಿಂಗಳು ಸಿಗುತ್ತದೆ. ಫಸ್ಟ್ ಪಿಯು ಪುಸ್ತಕ ತಂದು ಓದಿಸಬೇಡಿ. ಹತ್ತರ ಬಹುಪದೋಕ್ತಿ, ವರ್ಗ ಸಮೀಕರಣ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ, ಈ ನಾಲ್ಕನ್ನು ದಿನಕ್ಕೆ ಮುಕ್ಕಾಲು ಗಂಟೆ ಮತ್ತೆ ಮಾಡಲಿ. ಈ ಸಲ ಅಂಕಕ್ಕಲ್ಲ. ಒಂದೊಂದು ಹಂತ ಬರೆದಾಗಲೂ "ಇದು ಯಾಕೆ ಸರಿ?" ಅಂತ ಕೇಳಿ. ನಿಮಗೆ ಗಣಿತ ಬರಬೇಕೆಂದಿಲ್ಲ. ಮಗು ನಿಮಗೆ ವಿವರಿಸಲು ಹೋದಾಗ ಎಲ್ಲಿ ತಡವರಿಸುತ್ತದೋ ಅಲ್ಲೇ ಗುರುತು ಹಾಕಿ.

ಸೇರಿಸುವಾಗ, ಕಾಂಬಿನೇಷನ್ ಬದಲಿಸಲು ಎಷ್ಟು ದಿನ ಅವಕಾಶ ಇದೆ ಅಂತ ಕಾಲೇಜಿನಲ್ಲಿ ಕೇಳಿಟ್ಟುಕೊಳ್ಳಿ. ಆ ದಿನಾಂಕಕ್ಕೆ ಒಂದು ವಾರ ಮೊದಲು ಮಗುವಿನ ಗಣಿತ ನೋಟ್‌ಬುಕ್ ತೆಗೆದು ನೋಡಿ. ಕ್ಲಾಸ್‌ವರ್ಕ್ ಪುಸ್ತಕ ಬೇಡ, ಮನೆಯಲ್ಲಿ ಬಿಡಿಸಿದ ಪುಸ್ತಕ. ಪುಟದ ತುಂಬಾ ಗೀಟು ಹಾಕಿ ಹೊಡೆದುಹಾಕಿದ ಸಾಲುಗಳಿದ್ದು, ಕೆಳಗೆ ಮತ್ತೆ ಬಿಡಿಸಿದ್ದರೆ ನಿಶ್ಚಿಂತೆಯಿಂದ ಇರಿ, ಉತ್ತರ ತಪ್ಪಿದ್ದರೂ ಪರವಾಗಿಲ್ಲ. ಒಂದು ಗೀಟೂ ಇಲ್ಲದೆ ಮುತ್ತು ಪೋಣಿಸಿದ ಹಾಗೆ ಪುಟಗಳು ಇದ್ದರೆ, ಅದರಲ್ಲಿ ಒಂದು ಲೆಕ್ಕ ಆರಿಸಿ, ಸಂಖ್ಯೆ ಬದಲಿಸಿ, ಬೇರೆ ಹಾಳೆಯಲ್ಲಿ ಬಿಡಿಸಲು ಹೇಳಿ. ಪಕ್ಕದಲ್ಲಿ ಸುಮ್ನೆ ಕೂತಿರಿ.